ಆ ಬೆರಳು ಯಾರದು

ಆ ಸಿನಿಮಾದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸಿಟ್ಟೆಲ್ಲ ಅದನ್ನು ನೋಡಿ ಬಂದವರ ಮೇಲೆ. ಸಿನಿಮಾ ಮೂರು ಗಂಟೆಯಲ್ಲಿ ಮುಗಿಯುತ್ತದೆ, ನೋಡಿ ಬಂದವರು ಮುಗಿಯುವುದಿಲ್ಲ. ಅಂಥವನೊಬ್ಬ ಕೊಡಿಗೇಹಳ್ಳಿಯ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ನಾಲ್ಕು ವರ್ಷ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದ. ನನ್ನ ಹೆಂಡತಿಯ ತಮ್ಮ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ರೂಮ್ ಸಿಗುವವರೆಗೆ ಇರುತ್ತೇನೆ ಎಂದು ಗದಗಿನಿಂದ ಒಂದು ಬ್ಯಾಗ್ ಹಿಡಿದು ಬಂದವನು. ಬೆಂಗಳೂರಿನಲ್ಲಿ ಆ ನಾಲ್ಕು ವರ್ಷದಲ್ಲಿ ಎಷ್ಟು ಕಟ್ಟಡ ಎದ್ದವೋ ದೇವರಿಗೇ ಗೊತ್ತು, ಅವನಿಗೆ ಮಾತ್ರ ಒಂದು ರೂಮ್ ಸಿಗಲಿಲ್ಲ.

ಹುಡುಗ ಕೆಟ್ಟವನಲ್ಲ. ಮೂವತ್ತಾರು ದಾಟಿದವನನ್ನು ಹುಡುಗ ಎನ್ನಬಾರದು, ಆದರೆ ಮದುವೆಯಾಗದವರನ್ನು ನಮ್ಮ ಕಡೆ ಐವತ್ತಾದರೂ ಹುಡುಗ ಎಂದೇ ಕರೆಯುತ್ತಾರೆ. ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಅಕ್ಕನಿಗೆ ಎದುರಾಡುವುದಿಲ್ಲ. ಇರುವುದು ಒಂದೇ ರೋಗ. ಆ ಸಿನಿಮಾದ ಏಳು ಜನ ಅತಿಮಾನುಷರ ಬಗ್ಗೆ ಮಾತು ಶುರು ಮಾಡಿದರೆ ಅವನಿಗೆ ಕಿವಿ ಕೇಳುವುದಿಲ್ಲ, ಕಣ್ಣು ಕಾಣುವುದಿಲ್ಲ. ಒಂದು ದಿನ ಬೆಳಿಗ್ಗೆ ಒಲೆಯ ಮುಂದೆ ನಿಂತು ನನಗೆ ಏನೋ ವಿವರಿಸುತ್ತಿದ್ದ. 'ಹಾಲು ಉಕ್ತಾ ಐತಿ ನೋಡೋ' ಎಂದು ನಾನು ಕೂಗಿದೆ. 'ಹೂಂ ಮಾಮಾ' ಎಂದ. ಹಾಲು ಅವನ ಕಣ್ಣೆದುರಿಗೇ ಉಕ್ಕಿ, ಒಲೆ ಆರಿ, ಕಟ್ಟೆಯ ಮೇಲಿಂದ ಕೆಳಗೆ ಹರಿಯಿತು. ಅವನು ಗಾಜಿನ ಮೈಯವನು ಎರಡನೇ ಸಿನಿಮಾದಲ್ಲಿ ಯಾಕೆ ಒಡೆಯಲಿಲ್ಲ ಎಂಬುದನ್ನು ಮುಗಿಸಿಯೇ ಕೆಳಗೆ ನೋಡಿದ್ದು.

ಇವರ ಹೆಸರುಗಳು ನನ್ನ ಬಾಯಿಗೆ ಬರುವುದಿಲ್ಲ, ಬರಬೇಕೆಂಬ ಆಸೆಯೂ ಇಲ್ಲ. ನಾನು ನನ್ನದೇ ಗುರುತು ಇಟ್ಟುಕೊಂಡಿದ್ದೇನೆ. ಒಬ್ಬ ಗಾಜಿನ ಮೈಯವನು. ಒಬ್ಬ ನೆಲ ನಡುಗಿಸುವವನು. ಒಬ್ಬಳು ಸದ್ದು ನುಂಗುವವಳು. ಅವಳು ಕೈ ಎತ್ತಿದರೆ ಊರಿಗೆ ಊರೇ ನಿಶ್ಶಬ್ದ. ನನಗೆ ಆ ಪೈಕಿ ಉಪಯೋಗಕ್ಕೆ ಬರುವವಳು ಅವಳೊಬ್ಬಳೇ ಅನ್ನಿಸಿದ್ದುಂಟು. ಒಬ್ಬೊಬ್ಬರದೂ ಬೇರೆ ಬೇರೆ ಸಿನಿಮಾ ಮೊದಲೇ ಬಂದಿದ್ದವು. ಈ ಸಲ ಏಳೂ ಜನ ಸೇರಿ ಒಂದೇ ಸಿನಿಮಾ. ಇದಕ್ಕಾಗಿ ಎಂಟು ವರ್ಷದಿಂದ ಕಾದಿದ್ದೆ ಎಂದು ಅವನು ಹೇಳಿದಾಗ, ಮಗಳ ಮದುವೆ ಗೊತ್ತಾದ ತಂದೆಯ ಧ್ವನಿ ಇತ್ತು.

ಬಿಡುಗಡೆಯ ಹಿಂದಿನ ವಾರ ನಮ್ಮ ಮನೆಯಲ್ಲಿ ಸೂತಕದ ಕಟ್ಟುಪಾಡು. ಟೀವಿ ಹಾಕುವಂತಿಲ್ಲ, ಯಾರಾದರೂ ಕಥೆ ಬಿಟ್ಟುಕೊಟ್ಟರೆ? ಪತ್ರಿಕೆ ಬಂದ ಕೂಡಲೇ ಸಿನಿಮಾ ಪುಟ ಹರಿದು ತೆಗೆಯಬೇಕು. ಅದರ ಹಿಂಬದಿಯಲ್ಲಿ ನಾನು ಓದುವ ಪೇಟೆ ಧಾರಣೆ ಇರುತ್ತದೆ, ಅದೂ ಹೋಯಿತು. ಕೊನೆಗೆ ಏನಾಗುತ್ತದೆ ಎಂದು ಮೊದಲೇ ಹೇಳುವವರನ್ನು ಅವನು ಪಾಪಿಗಳ ಸಾಲಿನಲ್ಲಿ ಇಟ್ಟಿದ್ದ. ಅವನ ಗೆಳೆಯರ ಗುಂಪಿನಲ್ಲಿ ಹಾಗೆ ಬಾಯಿಬಿಟ್ಟ ಒಬ್ಬನನ್ನು ಹೊರಗೆ ಹಾಕಿ, ಅವನ ಜೊತೆ ಚಹಾ ಕುಡಿಯುವುದನ್ನೂ ಬಿಟ್ಟಿದ್ದರಂತೆ. 'ಒಬ್ಬರ ಖುಷಿ ಕಸ್ಕೊಂಡಂಗ ಮಾಮಾ ಅದು' ಎಂದು ನನಗೆ ಪಾಠ ಹೇಳಿದವನು ಇವನೇ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಶುಕ್ರವಾರ ಹೊತ್ತು ಹುಟ್ಟುವ ಮೊದಲೇ ಎದ್ದು ಮೊದಲ ಆಟ ನೋಡಿ ಬಂದ. ನಾನು ಕಾಲೇಜಿಗೆ ಹೊರಡಲು ಷೂ ಹಾಕಿಕೊಳ್ಳುತ್ತಿದ್ದೆ. ನಾನೂ ನನ್ನ ಹೆಂಡತಿಯೂ ಹೇಗೂ ಲೆಕ್ಕಕ್ಕಿಲ್ಲದವರು ಎಂದೋ ಏನೋ, ನಮ್ಮ ಮುಂದೆ ಇಡೀ ಕಥೆ ಹೇಳಿದ. ಸಾರಾಂಶ ಇಷ್ಟು: ಕೊನೆಗೆ ಆರು ಜನರನ್ನು ಉಳಿಸಲು ಸದ್ದು ನುಂಗುವವಳು ಸಾಯುತ್ತಾಳೆ. ಗೋಡೆ ಕುಸಿದು ಅವಳು ಅಡಿಯಲ್ಲಿ ಸಿಕ್ಕಿಕೊಳ್ಳುತ್ತಾಳೆ. ಆಮೇಲೆ ಕೆಲಸ ಮಾಡಿದವರ ಹೆಸರುಗಳೆಲ್ಲ ಪರದೆಯ ಮೇಲೆ ಹತ್ತಿ ಹೋಗುತ್ತವೆ. ಗೊತ್ತಿಲ್ಲದವರು ಎದ್ದು ಹೋಗುತ್ತಾರೆ, ಗೊತ್ತಿದ್ದವರು ಕೂರುತ್ತಾರೆ. ಕಟ್ಟಕಡೆಗೆ ಒಂದು ಪುಟ್ಟ ದೃಶ್ಯ ಬರುತ್ತದೆ. ಕಲ್ಲುಮಣ್ಣಿನ ರಾಶಿಯ ನಡುವೆ ಒಂದು ಕೈ, ಅದರ ಒಂದು ಬೆರಳು ಅಲುಗುತ್ತದೆ.

'ಸತ್ತಿಲ್ಲ ಮಾಮಾ ಆಕಿ! ಎರಡನೇ ಭಾಗ ಬರೂದು ಗ್ಯಾರಂಟಿ!' ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಯಲಹಂಕದ ಕಾಲೇಜಿನಲ್ಲಿ ನಾನು ವಾಣಿಜ್ಯ ಶಾಸ್ತ್ರ ಹೇಳಿಕೊಡುತ್ತೇನೆ. ಮನೆಯಿಂದ ತಪ್ಪಿಸಿಕೊಂಡು ಅಲ್ಲಿಗೆ ಹೋದರೆ ಅಲ್ಲೂ ಅದೇ. ಯಂತ್ರದ ಸವಕಳಿ ಬಗ್ಗೆ ಬೋರ್ಡ್ ಮೇಲೆ ಬರೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ 'ಬೆರಳು ಅಲುಗ್ತು ಅಂದ್ರೆ ಪಾರ್ಟ್ ಟೂ ಪಕ್ಕಾ ಮಗಾ', 'ಇಲ್ಲ ಗುರು, ಅದು ಬರೀ ನರ ಎಳೆದಿದ್ದು, ಸತ್ ಹೋದ್ರೂ ಹಂಗಾಗುತ್ತೆ' ಎಂಬ ವೈದ್ಯಕೀಯ ಚರ್ಚೆ. ಅಧ್ಯಾಪಕರ ಕೋಣೆಗೆ ಬಂದರೆ ಭೌತಶಾಸ್ತ್ರದವರು ಟಿಫಿನ್ ಡಬ್ಬಿ ಮುಂದಿಟ್ಟುಕೊಂಡು, ಅಷ್ಟು ಭಾರದ ಗೋಡೆ ಬಿದ್ದರೆ ಬೆರಳು ಉಳಿಯುವುದು ಸಾಧ್ಯವೇ ಎಂದು ಹಾಳೆಯ ಮೇಲೆ ಲೆಕ್ಕ ಹಾಕುತ್ತಿದ್ದರು. ಒಂದು ಬೆರಳಿಗೆ ಇಷ್ಟು ಜನ ಜೋತುಬಿದ್ದಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಭಾನುವಾರ ನಾವು ಮಾಕಳಿಗೆ ಕನ್ಯೆ ನೋಡಲು ಹೋಗುವುದಿತ್ತು.

ಅವನಿಗೆ ಹೆಣ್ಣು ಹುಡುಕಿ ಹುಡುಕಿ ನನ್ನ ಹೆಂಡತಿ ಹಣ್ಣಾಗಿದ್ದಳು. ಸ್ವಂತ ಮನೆ ಇಲ್ಲ ಎಂದು ಒಬ್ಬರು, ಕಾರ್ಖಾನೆ ಕೆಲಸ ಎಂದು ಇನ್ನೊಬ್ಬರು, ಅಕ್ಕನ ಮನೆಯಲ್ಲಿ ಇದ್ದಾನೆ ಎಂದು ಮತ್ತೊಬ್ಬರು ಬೇಡ ಎಂದಿದ್ದರು. ಪ್ರತಿ ಸಲ ಫೋನ್ ಇಟ್ಟ ಮೇಲೆ ಅವನು 'ಇರ್ಲಿ ಬಿಡಕ್ಕಾ' ಎಂದು ಲ್ಯಾಪ್‌ಟಾಪ್ ತೆರೆದು ಆ ಏಳು ಜನರ ಪೈಕಿ ಯಾರನ್ನಾದರೂ ನೋಡುತ್ತಾ ಕೂರುತ್ತಿದ್ದ. ಅದನ್ನು ನೋಡಿದಾಗಲೆಲ್ಲ ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು. ಅಳುತ್ತಿರುವುದು ಗೊತ್ತಾಗಬಾರದು ಎಂಬ ಉಪಾಯ. ನನಗೂ ಒಂದು ಆಸೆ ಇತ್ತು, ಮುಚ್ಚಿಡುವುದೇಕೆ, ನನ್ನ ಹಾಲ್ ನನಗೆ ವಾಪಸ್ ಬೇಕಾಗಿತ್ತು.

ಮಾಕಳಿಯವರೂ ನಮ್ಮ ಕಡೆಯವರೇ. ತಂದೆ ತುಮಕೂರು ರಸ್ತೆಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟು ವರ್ಷಗಳಾಗಿದ್ದವು. ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಯಶವಂತಪುರದ ಒಂದು ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ತಂದೆ-ತಾಯಿಯ ಮಾತು ಗದಗಿನದು, ಮಗಳದು ಅಪ್ಪಟ ಬೆಂಗಳೂರಿನದು. ಶಿರಾ, ಉಪ್ಪಿಟ್ಟು, ಚಹಾ ಆಯಿತು. ಈಗಿನ ಪದ್ಧತಿಯಂತೆ ಇಬ್ಬರೂ ಮಾತಾಡಿಕೊಳ್ಳಲಿ ಎಂದು ಹುಡುಗ-ಹುಡುಗಿಯನ್ನು ಮಹಡಿಗೆ ಕಳಿಸಿದರು. ಕೆಳಗೆ ನಾವು ಹಿರಿಯರು ಮಳೆ, ಮೆಟ್ರೊ, ಈರುಳ್ಳಿ ಎಂದು ಬಾಯಿಗೆ ಬಂದದ್ದನ್ನು ಮಾತಾಡುತ್ತಾ ಕಿವಿಯನ್ನು ಮಾತ್ರ ಮೆಟ್ಟಿಲ ಕಡೆ ಇಟ್ಟಿದ್ದೆವು.

ಮೇಲಿಂದ ಅವಳ ನಗು ಕೇಳಿತು. ಆಮೇಲೆ ಅವನ ನಗು. ನನ್ನ ಹೆಂಡತಿ ನನ್ನ ತೋಳು ಚಿವುಟಿದಳು. ಹುಡುಗಿಯ ತಾಯಿ ದೇವರ ಕೋಣೆಯ ಕಡೆ ನೋಡಿದರು. ಆಮೇಲೆ ಬರೀ ಅವನೊಬ್ಬನ ಧ್ವನಿ, ಎಡೆಬಿಡದೆ, ಏರುತ್ತಾ. ಸ್ವಲ್ಪ ಹೊತ್ತಿಗೆ ಅವಳು ದಡದಡ ಇಳಿದು ಬಂದು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ನಾಚಿಕೆ ಇರಬೇಕು ಎಂದುಕೊಂಡೆವು. ಅವನು ಹಿಂದೆಯೇ ಮುಖ ಅರಳಿಸಿಕೊಂಡು ಇಳಿದ.

ವಾಪಸ್ ಬರುವಾಗ ಮೆಟ್ರೊದಲ್ಲಿ ಕಂಬ ಹಿಡಿದು ನಿಂತವನು ನನ್ನ ಕಿವಿಯ ಹತ್ತಿರ ಬಾಗಿ, 'ಮಾಮಾ, ಹುಡುಗಿ ನನಗ ಭಾಳ ಮನಸಿಗೆ ಬಂದಾಳ' ಎಂದ. ಇಷ್ಟು ವರ್ಷಗಳಲ್ಲಿ ಇಂಥ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. 'ಇರ್ಲಿ ಬಿಡಕ್ಕಾ' ಎನ್ನುವವನಿಗೂ ಒಂದು ಬೇಕು ಎಂಬುದು ಇದೆ ಎಂದು ನನಗೆ ಆವತ್ತು ಗೊತ್ತಾಯಿತು.

ಮಾರನೆಯ ದಿನ ಸಂಜೆ ಹುಡುಗಿಯ ತಂದೆಯ ಫೋನ್ ಬಂತು. 'ತಪ್ಪ ತಿಳ್ಕೋಬ್ಯಾಡ್ರಿ ಸರ. ಹುಡುಗಿ ಬ್ಯಾಡ ಅನ್ನಾಕತ್ತಾಳ. ಅದೇನೋ ಸಿನಿಮಾ ಕಥಿ ಹೇಳಿದ್ರಂತ. ನನಗೂ ತಿಳೀವಲ್ದು.'

ನನಗೆ ತಿಳಿಯಿತು. ನಾನು ಫೋನ್ ಇಟ್ಟು ಅವನ ಕಡೆ ನೋಡಿದೆ.

'ಏನ್ ಹೇಳಿದಿ ಆಕೀಗೆ?'

'ಏನಿಲ್ಲ ಮಾಮಾ. ಆಕೀನೂ ನಮ್ಮಂಗ ಫ್ಯಾನ್. ಎಂಟು ವರ್ಷದಿಂದ ಒಂದೂ ಬಿಟ್ಟಿಲ್ಲಂತ. ನೀವಂತೀರಲ್ಲ ಸದ್ದು ನುಂಗಾಕಿ, ಆಕಿ ಅಂದ್ರ ಜೀವ ಅಂತ. ಸಂಜಿ ಆಟಕ್ಕ ಹೊಂಟೀನಿ ಅಂದ್ಲು. ನನಗ ಖುಷಿ ತಡೀಲಿಲ್ಲ...'

'ಸಾಯೋದು ಹೇಳಿದಿ?'

'ಸತ್ತಿಲ್ಲಲ್ಲ ಮಾಮಾ, ಬೆರಳು...'

'ಬೆರಳೂ ಹೇಳಿದಿ!'

ನನ್ನ ಹೆಂಡತಿ ಕೈಯಲ್ಲಿದ್ದ ಲಟ್ಟಣಿಗೆಯನ್ನು ಕೆಳಗಿಟ್ಟಳು, ಎಸೆಯಬಾರದು ಎಂದು. 'ನಮ್ಮ ಪೇಪರ್ ಹರಿದಾಂವ ನೀನು. ಟೀವಿ ವಯರ್ ಕಿತ್ತಾಂವ ನೀನು. ಹೋಗಿ ಹೋಗಿ ನೋಡಾಕ ಹೋದ ಕನ್ಯಾಗ ಹೇಳಿದ್ಯಾ?' ಎಂದಳು. ಅವನು ತಲೆ ತಗ್ಗಿಸಿದ. ಆದರೆ ಅವನ ಮುಖ ನೋಡಿದರೆ ತನ್ನ ತಪ್ಪು ಅವನಿಗೆ ಇನ್ನೂ ಪೂರ್ತಿ ಹೊಳೆದಿಲ್ಲ ಎಂದು ಗೊತ್ತಾಗುತ್ತಿತ್ತು. ಫ್ಯಾನ್ ಸಿಕ್ಕಳು, ಖುಷಿಯಾಯಿತು, ಹೇಳಿದೆ. ಅವನ ಪ್ರಕಾರ ನಡೆದದ್ದು ಅಷ್ಟೇ.

ನಾನೇ ಹೋಗಿ ಮಾತಾಡಿಕೊಂಡು ಬರಬೇಕು ಎಂದು ಹೆಂಡತಿಯ ಆಜ್ಞೆಯಾಯಿತು. ಐವತ್ತು ದಾಟಿದ ನಾನು, ತರಗತಿಗೆ ಅರ್ಧ ದಿನ ರಜೆ ಹಾಕಿ, ಮೆಟ್ರೊ ಹತ್ತಿ, ಮುಂದೆ ಬಸ್ ಹಿಡಿದು, ತುಮಕೂರು ರಸ್ತೆಯ ಧೂಳು ಕುಡಿಯುತ್ತಾ ಹೋದದ್ದು ಯಾತಕ್ಕೆ? ಹುಟ್ಟೇ ಇರದ ಒಬ್ಬಳು ಹೆಂಗಸು ಸತ್ತ ಸುದ್ದಿಯನ್ನು ಬೇಗ ಹೇಳಿದ್ದಕ್ಕೆ ಕ್ಷಮೆ ಕೇಳಲು. ಬಸ್ಸಿನಲ್ಲಿ ನಿಂತು ನನ್ನ ಹಣೆಬರಹವನ್ನು ನಾನೇ ಬೈದುಕೊಂಡೆ. ಪಕ್ಕದಲ್ಲಿದ್ದ ಕಾಲೇಜು ಹುಡುಗರು ಬೆರಳಿನ ಬಗ್ಗೆ ಮಾತಾಡುತ್ತಿದ್ದರು.

ಹುಡುಗಿಯ ತಂದೆ ನನ್ನ ಪಕ್ಷದಲ್ಲೇ ಇದ್ದರು. 'ನೀವ ಹೇಳ್ರಿ ಸರ. ಹುಡುಗ ಚಲೋ ಅದಾನ, ನೌಕರಿ ಐತಿ, ಒಂದು ಚಟ ಇಲ್ಲ. ಸಿನಿಮಾ ಹೇಳಿದ ಅಂತ ಸಂಬಂಧ ಬಿಟ್ರ ಮಂದಿ ನಗೂದಿಲ್ಲೇನ್ರಿ?' ಎಂದರು. ನನಗೆ ಧೈರ್ಯ ಬಂತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಭಾಷಣ ಶುರು ಮಾಡಿದೆ. ನಮ್ಮೂರ ಕಡೆ ಬಯಲಾಟ ನೋಡುತ್ತಿದ್ದೆವು, ಕರ್ಣ ಸಾಯುತ್ತಾನೆ ಎಂದು ಊರಿನ ಕೂಸಿಗೂ ಗೊತ್ತಿತ್ತು, ಆದರೂ ಬೆಳಗಾಗುವವರೆಗೆ ಕೂತು ನೋಡಿ ಅತ್ತು ಎದ್ದು ಬರುತ್ತಿದ್ದೆವು, ಕೊನೆ ಗೊತ್ತಾದರೆ ಕಥೆ ಕೆಡುತ್ತದೆಯೇ ಎಂದೆಲ್ಲ. ತರಗತಿಯಲ್ಲಾಗಿದ್ದರೆ ಎರಡು ಕಡೆ ಚಪ್ಪಾಳೆ ಬೀಳುತ್ತಿತ್ತು.

ಅವಳು ಪೂರ್ತಿ ಕೇಳಿದಳು. ನಡುವೆ ಬಾಯಿ ಹಾಕಲಿಲ್ಲ.

'ಅಲ್ಲಿ ಎಲ್ರಿಗೂ ಒಟ್ಟಿಗೆ ಗೊತ್ತಿತ್ತು ಸರ್' ಎಂದಳು. 'ಇಲ್ಲಿ ಅವ್ರಿಗೆ ಗೊತ್ತಿತ್ತು, ನಂಗೆ ಗೊತ್ತಿರ್ಲಿಲ್ಲ. ಆದ್ರೂ ಹೋಗ್ಲಿ, ಸಿನಿಮಾ ಹೇಳಿದ್ದಕ್ಕೆ ಬೇಡ ಅಂತಿಲ್ಲ ನಾನು.'

'ಮತ್ತ ಯಾತಕ್ಕವ್ವಾ?' ಎಂದರು ತಂದೆ.

'ಹೇಳ್ಬೇಡಿ, ಇನ್ನೂ ನೋಡಿಲ್ಲ ಅಂತ ನಾನಂದೆ ಅಪ್ಪ. ಒಂದ್ಸಲ ಅಲ್ಲ. ಆಮೇಲೆ ಕಿವಿ ಮುಚ್ಕೊಂಡೆ. ಅವ್ರು ನನ್ನ ಮುಖಾನೇ ನೋಡ್ಕೊಂಡು ಹೇಳ್ತಾನೇ ಇದ್ರು.' ನನ್ನ ಕಡೆ ತಿರುಗಿದಳು. 'ಸಿನಿಮಾ ಬಿಡಿ ಸರ್. ನಾಳೆ ಮನೇಲಿ ನಾನು ಯಾವುದಕ್ಕಾದ್ರೂ ಬೇಡ ಅಂದ್ರೆ ಅವ್ರಿಗೆ ಕೇಳ್ಸುತ್ತಾ?'

ಒಲೆಯ ಕಟ್ಟೆಯಿಂದ ಕೆಳಗೆ ಹರಿದ ಹಾಲು ಕಣ್ಣ ಮುಂದೆ ಬಂತು. ಅವನು ಮಾತಾಡುವಾಗ ಕೇಳಿಸಿಕೊಳ್ಳುವುದಿಲ್ಲ ಎಂದು ನಾಲ್ಕು ವರ್ಷದಿಂದ ನಾನೇ ಗೊಣಗಿದ್ದೆ. ಅದೇ ದೂರನ್ನು ಅವಳು ಒಂದೇ ಭೇಟಿಯಲ್ಲಿ ಕೊಟ್ಟಾಗ ಹುಡುಗನ ಕಡೆಯವನಾದ ನನಗೆ ಸಿಟ್ಟು ಬಂತು. ಚಹಾ ಮುಗಿಸಿ, 'ಅಂವ ಕೆಟ್ಟಾಂವ ಅಲ್ಲವ್ವಾ. ಇನ್ನೊಂದ್ ಸಲ ನೋಡು' ಎಂದು ಬೇಡಿಕೊಳ್ಳುವ ಮಟ್ಟಕ್ಕೆ ಇಳಿದೆ.

'ಆವತ್ತಿನ ಟಿಕೆಟ್ ಕ್ಯಾನ್ಸಲ್ ಮಾಡ್ಸಿದೆ, ನೋಡೋಕೆ ಮನಸೇ ಬರ್ಲಿಲ್ಲ. ಬರೋ ಭಾನುವಾರ ಹೋಗ್ತೀನಿ. ಅವ್ರೂ ಬರ್ಲಿ. ಪಕ್ಕದಲ್ಲಿ ಕೂತ್ಕೊಳ್ಲಿ. ಸಿನಿಮಾ ಮುಗಿಯೋವರ್ಗೂ ಒಂದು ಮಾತೂ ಆಡ್ಬಾರ್ದು. ಆಮೇಲೆ ನೋಡೋಣ' ಎಂದಳು.

ನನಗೆ ಅಲ್ಲೇ ಆಸೆ ಬತ್ತಿತು. ಅವನಿಗೆ ಗಾಜಿನ ಮೈ ಬಂದರೂ ಬಂದೀತು, ಆ ಸಿನಿಮಾದ ಮುಂದೆ ಕೂತು ಬಾಯಿ ಮುಚ್ಚಿಕೊಳ್ಳುವುದು ಬಾರದು.

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಿಟ್ಟಿನಲ್ಲಿ ಒಂದೆರಡು ಮಾತು ಹೆಚ್ಚಿಗೂ ಹೇಳಿದೆ. ಅವನು ಎಂದಿನಂತೆ ನಡುವೆ ಬಾಯಿ ಹಾಕುತ್ತಾನೆ ಎಂದು ಕಾದೆ. ಹಾಕಲಿಲ್ಲ. ನಾನು ಮುಗಿಸಿದ ಮೇಲೆ ಕೇಳಿದ.

'ಕಿವಿ ಮುಚ್ಕೊಂಡಿದ್ಲೇನು ಮಾಮಾ?'

'ಹೌದಂತ.'

'ಗಾಳಿ ಇತ್ತು ಮ್ಯಾಲ. ನಾ ಕೂದಲಾ ಸರಿ ಮಾಡ್ಕೊಳಾಕತ್ತಾಳ ಅನ್ಕೊಂಡೆ.'

ಅದನ್ನು ಹೇಳುವಾಗ ಅವನ ಮುಖ ನೋಡಲಾಗಲಿಲ್ಲ. ಸಿಟ್ಟು ಮಾಡಿಕೊಳ್ಳಲು ಕೂತವನಿಗೆ ಇದ್ದಕ್ಕಿದ್ದಂತೆ ಕರುಳು ಚುರುಕ್ ಅಂದರೆ ಎಷ್ಟು ಕಿರಿಕಿರಿಯಾಗುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ನಾನು ಎದ್ದು ಹೋಗಿ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿದೆ.

ಆ ವಾರ ಮನೆಯಲ್ಲಿ ಸದ್ದು ನುಂಗುವವಳೇ ಬಂದು ಕೂತ ಹಾಗಿತ್ತು. ಅವನು ಊಟಕ್ಕೆ ಕೂತು ಉಂಡು ಎದ್ದು ಹೋಗುತ್ತಿದ್ದ. ನಾನು ಮಾತಾಡಿದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು, ನನ್ನ ಮುಖ ನೋಡುತ್ತಾ ಕೇಳುತ್ತಿದ್ದ. ಈರುಳ್ಳಿ ಹೆಚ್ಚುತ್ತಿದ್ದರೆ ಚಾಕು ಕೆಳಗಿಡುತ್ತಿದ್ದ. ನನಗೋ ಹೇಳಲು ಅಂಥದ್ದೇನೂ ಇರುತ್ತಿರಲಿಲ್ಲ. 'ಮಳಿ ಬರೂ ಹಂಗ ಕಾಣ್ತದ' ಎಂಬ ಮಾತಿಗೆ ಅಷ್ಟು ಗಮನ ಸಿಕ್ಕರೆ ಹೇಳಿದವನಿಗೆ ಮುಜುಗರವಾಗುತ್ತದೆ. ಮೊದಲು ಮಾತಾಡಿ ತಲೆ ತಿನ್ನುತ್ತಿದ್ದ, ಈಗ ಮಾತಾಡದೆ ತಿನ್ನತೊಡಗಿದ. ಹೆಂಡತಿ ಮಾತ್ರ, 'ರೀ, ಹಿಂಗ ಇದ್ರ ಹುಡುಗಗ ಏನರ ಆದೀತು' ಎಂದು ಹೆದರಿದಳು.

ಭಾನುವಾರ ಹೆಬ್ಬಾಳದ ಕಡೆಯ ಒಂದು ಮಾಲ್‌ಗೆ ಹೋದೆವು. ಹುಡುಗಿಯ ಜೊತೆ ತಂದೆ ಬಂದಿದ್ದರು. ಅವಳೂ ಅವನೂ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ, ಸರಿಯಾಗಿ ಅವರ ಬೆನ್ನ ಹಿಂದೆ ನಾನು. ನನ್ನ ಎಡಕ್ಕೆ ಹೆಂಡತಿ, ಬಲಕ್ಕೆ ಹುಡುಗಿಯ ತಂದೆ. ಸಿನಿಮಾ ಕನ್ನಡದಲ್ಲೇ ಮಾತಾಡುತ್ತಿತ್ತು, ಆದರೂ ತಂದೆಯವರಿಗೆ ತಲೆಬುಡ ಹತ್ತಲಿಲ್ಲ. ಅವರು ಮೊದಲ ಏಳು ಸಿನಿಮಾ ಇರಲಿ, ಅಂಗಡಿ ಬಿಟ್ಟು ಯಾವ ಸಿನಿಮಾಕ್ಕೂ ಹೋದವರಲ್ಲ.

'ಸರ, ಇಂವ ಯಾರ್ರೀ?'

'ನೆಲ ನಡುಗಸ್ತಾನ್ರಿ.'

'ಮತ್ತ ಅಲ್ಲೆ ನಿಂತಾಂವ ಯಾಕ ಅಳಾಕತ್ತಾನ?'

'ಅಂವ ಗಾಜಿನ ಮೈಯಾಂವ. ಇಬ್ರೂ ಅಣ್ಣ-ತಮ್ಮ ಇದ್ರು, ಮೂರನೇ ಸಿನಿಮಾದಾಗ ಜಗಳ ಆಗಿ ಬ್ಯಾರಿ ಆಗ್ಯಾರ್ರಿ. ಆ ನಡುಗಸಾಂವ ಹತ್ರ ಬಂದ್ರ ಇಂವ ಒಡೀತಾನ, ಹಂಗಾಗಿ...'

ನನ್ನ ಬಾಯಿಂದ ಇದೆಲ್ಲ ಹರಿಯುತ್ತಿರುವುದು ನನಗೇ ನಂಬಲಾಗಲಿಲ್ಲ. ನಾಲ್ಕು ವರ್ಷ ನಾನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಟ್ಟೆ ಎಂದುಕೊಂಡದ್ದೆಲ್ಲ ಒಳಗೇ ಉಳಿದಿತ್ತು. ಸಿಟ್ಟಿನಿಂದ ಇನ್ನಷ್ಟು ವಿವರಿಸಿದೆ. ಎರಡು ಸೀಟು ಆಚೆ ಕೂತಿದ್ದ ಒಬ್ಬ ಯುವಕ ತಿರುಗಿ, 'ಅಂಕಲ್, ಪ್ಲೀಸ್, ಸ್ವಲ್ಪ ಸುಮ್ನಿರ್ತೀರಾ?' ಎಂದ. ಹೆಂಡತಿ ನನ್ನ ತೊಡೆಗೆ ಗಿಲ್ಲಿದಳು. ಮೌನದ ಪರೀಕ್ಷೆ ಇದ್ದದ್ದು ಅವನಿಗೆ, ಬೈಸಿಕೊಂಡವನು ನಾನು.

ಅವನು ಮಾತ್ರ ಅಲುಗಲಿಲ್ಲ. ಎರಡು ಕೈಗಳನ್ನೂ ತೊಡೆಯ ಅಡಿಯಲ್ಲಿ ಸೇರಿಸಿಕೊಂಡು ಕೂತಿದ್ದ, ಕೈ ಬಿಟ್ಟರೆ ಮಾತು ಬಂದುಬಿಡುತ್ತದೇನೋ ಎಂಬಂತೆ. ಅವನಿಗೆ ಇಷ್ಟವಾದ ದೃಶ್ಯಗಳು ಬಂದಾಗ ಕುತ್ತಿಗೆಯ ನರ ಉಬ್ಬುವುದು ಹಿಂದಿನಿಂದ ಕಾಣುತ್ತಿತ್ತು. ಮಧ್ಯಂತರದಲ್ಲಿ ಹೋಗಿ ಪಾಪ್‌ಕಾರ್ನ್ ತಂದ. 'ಖಾರದ್ದಾ?' ಎಂದು ಅವಳು ಕೇಳಿದರೆ ಬಾಯಿ ಬಿಡದೆ ತಲೆ ಆಡಿಸಿದ. ಅವಳು ನಗು ತಡೆದುಕೊಂಡು ಬೇರೆ ಕಡೆ ನೋಡಿದಳು. ಅದನ್ನು ನಾನು ನೋಡಿದೆ, ನನ್ನ ಹೆಂಡತಿಯೂ ನೋಡಿದಳು. ಇಬ್ಬರೂ ಒಂದು ಮಾತೂ ಆಡಲಿಲ್ಲ, ದೃಷ್ಟಿಯಾದೀತು ಎಂದು.

ಕೊನೆಯಲ್ಲಿ ಗೋಡೆ ಕುಸಿಯಿತು. ಇಡೀ ಹಾಲ್‌ನಲ್ಲಿ ಮೂಗು ಒರೆಸುವ ಸದ್ದು. ಹೀಗಾಗುತ್ತದೆ ಎಂದು ಗೊತ್ತಿದ್ದೂ ಆ ಹುಡುಗಿ ಅತ್ತಳು. ಬಯಲಾಟದ ನನ್ನ ಮಾತು ನಿಜವಾಯಿತು ಎಂದು ಒಳಗೊಳಗೇ ಬೀಗಿದೆ. ಅವನು ಮಾತ್ರ ಪರದೆ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಅವಳು ಕಣ್ಣೊರೆಸಿಕೊಂಡದ್ದು ಈ ಸಲ ಅವನಿಗೆ ಕಂಡಿತು. ಜೇಬಿನಿಂದ ಕರವಸ್ತ್ರ ತೆಗೆದು ಇಬ್ಬರ ನಡುವಿನ ಕುರ್ಚಿಯ ತೋಳಿನ ಮೇಲೆ ಇಟ್ಟು, ಮತ್ತೆ ಕೈಗಳನ್ನು ತೊಡೆಯ ಅಡಿಗೆ ಸೇರಿಸಿಕೊಂಡ.

ಹೆಸರುಗಳು ಹತ್ತತೊಡಗಿದವು. ಯಾವ ಸಿನಿಮಾ ಆದರೂ ಈ ಹೊತ್ತಿಗೆ ನಾನು ಎದ್ದು, ಎಲ್ಲರ ಕಾಲು ತುಳಿದು, ಲಿಫ್ಟ್ ಕಡೆ ಓಡುವವನು. ಆವತ್ತು ಏಳಲಿಲ್ಲ. ಬಣ್ಣ ಬಳಿದವರು, ಊಟ ತಂದವರು, ವಯರ್ ಎಳೆದವರು ಎಲ್ಲರ ಹೆಸರೂ ಹೋದವು. ಜಗತ್ತಿನಲ್ಲಿ ಇಷ್ಟು ಜನರಿಗೆ ಒಂದು ಸಿನಿಮಾದಲ್ಲಿ ಕೆಲಸವಿತ್ತೇ ಎಂದು ತಲೆ ಚಿಟ್ಟು ಹಿಡಿಯಿತು. ತಂದೆಯವರು, 'ಮುಗೀತಲ್ರಿ ಸರ, ಏಳೂಣ?' ಎಂದರು. 'ಕೂಡ್ರಿ, ಇನ್ನೂ ಐತಿ' ಎಂದೆ, ಪಳಗಿದ ಅಭಿಮಾನಿಯ ಹಾಗೆ. ಅಷ್ಟು ದಿನ ಅವರೆಲ್ಲ ಯಾಕೆ ಕೂರುತ್ತಾರೆ ಎಂದು ಬೈದಿದ್ದೆ. ನಾನೂ ಕೂತೆ. ಮುಂದಿನ ಸಾಲಿನಲ್ಲಿ ಏನಾದರೂ ಅಲುಗೀತು ಎಂಬ ಆಸೆಗೆ.

ಕಲ್ಲುಮಣ್ಣಿನ ರಾಶಿ ಬಂತು. ಕೈ ಬಂತು. ಬೆರಳು ಅಲುಗಿತು. ಹಾಲ್ ತುಂಬ ಶಿಳ್ಳೆ, ಕೂಗು. 'ಪಾರ್ಟ್ ಟೂ!' ಎಂದು ಹಿಂದಿನಿಂದ ಯಾರೋ ಅರಚಿದರು. ದೀಪ ಹತ್ತಿತು.

ಅವಳು ಅವನ ಕಡೆ ತಿರುಗಿದಳು. 'ಅದು ಅವಳ ಕೈ ಅಲ್ಲ' ಎಂದಳು.

ಈ ಮನುಷ್ಯ ಆ ಬೆರಳನ್ನು ಎಷ್ಟು ಸಲ ನೋಡಿದ್ದಾನೋ. ಅದು ಅವಳದೇ ಎಂದು ಪೀಣ್ಯದಿಂದ ಕೊಡಿಗೇಹಳ್ಳಿಯವರೆಗೆ ಸಿಕ್ಕವರ ಜೊತೆಯೆಲ್ಲ ವಾದ ಮಾಡಿದ್ದಾನೆ. ನನ್ನ ತರಗತಿ, ನನ್ನ ಅಧ್ಯಾಪಕರ ಕೋಣೆ, ಎರಡನೇ ಭಾಗಕ್ಕೆ ಕಾದು ಕೂತ ಈ ಇಡೀ ಊರು, ಎಲ್ಲರ ಆಸೆಯೂ ಆ ಒಂದು ಬೆರಳಿನ ಮೇಲೆ ನಿಂತಿದೆ. ಈಗ ಇವಳು ಅಲ್ಲ ಎನ್ನುತ್ತಿದ್ದಾಳೆ. ಅವನ ಕುತ್ತಿಗೆಯ ನರ ಉಬ್ಬಿತು. ತೊಡೆಯ ಅಡಿಯಿಂದ ಒಂದು ಕೈ ಹೊರಗೆ ಬಂತು. ವಾದಕ್ಕೆ ಇಳಿಯುವಾಗ ಎತ್ತುವ ತೋರುಬೆರಳು ಮೇಲೆದ್ದಿತು. ಬಾಯಿ ತೆರೆಯಿತು. ನನ್ನ ಹೆಂಡತಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೋಯಿತು, ಇದೂ ಹೋಯಿತು ಎಂದುಕೊಂಡೆ.

ಬಾಯಿ ಮುಚ್ಚಿತು. ಬೆರಳು ಮಡಚಿಕೊಂಡು ಕೆಳಗಿಳಿಯಿತು.

'ಸಿನಿಮಾ ಮುಗೀತು' ಎಂದಳು ಅವಳು. 'ಈಗ ಮಾತಾಡ್ಬೋದು.'

ಅವನು ಗಂಟಲು ಸರಿ ಮಾಡಿಕೊಂಡ. ಒಂದು ವಾರದಿಂದ ಬಳಸದ ಧ್ವನಿ ಒರಟಾಗಿ ಬಂತು.

'ನೀವ ಹೇಳ್ರಿ. ಯಾರದು?'

ಅವಳು ಹೇಳತೊಡಗಿದಳು. ಸದ್ದು ನುಂಗುವವಳು ಸಾಯುವಾಗ ಎಡಗೈಗೆ ಬಟ್ಟೆ ಸುತ್ತಿಕೊಂಡಿದ್ದಳು, ಇದೂ ಎಡಗೈಯೇ, ಆದರೆ ಬಟ್ಟೆ ಇಲ್ಲ, ಉಗುರು ಬೇರೆ, ಎಂದು ಒಂದೊಂದಾಗಿ. ಕಸ ಗುಡಿಸುವವರು ಬಂದು ನಮ್ಮ ಸಾಲಿನ ತುದಿಯಲ್ಲಿ ಕಾಯುತ್ತಾ ನಿಂತರು. ಲಿಫ್ಟಿನ ಮುಂದೆ ಈ ಹೊತ್ತಿಗೆ ಸಾಲು ಎಲ್ಲಿಗೆ ಮುಟ್ಟಿರುತ್ತದೆ ಎಂದು ಯೋಚಿಸಿದರೆ ನನ್ನ ರಕ್ತ ಕುದಿಯುತ್ತಿತ್ತು. ಅವನು ಪಾಪ್‌ಕಾರ್ನ್ ಡಬ್ಬಿಯನ್ನು ಕೆಳಗಿಟ್ಟು, ಅವಳ ಮುಖ ನೋಡುತ್ತಾ, ನಡುವೆ ಒಂದೇ ಒಂದು ಸಲವೂ ಬಾಯಿ ಹಾಕದೆ, ಪೂರ್ತಿ ಕೇಳಿದ. ಮನೆಯ ಹಾಲು ಉಕ್ಕಿ ನೆಲಕ್ಕೆ ಹರಿದರೂ ನನಗೆ ಸಿಗದಿದ್ದ ಆ ಕಿವಿ ಕೊನೆಗೂ ಒಬ್ಬರಿಗೆ ಸಿಕ್ಕಿತು.